ಸೋಮವಾರ ಬಿಚ್ಚಿದ ಎತ್ತು

ನನ್ನ ಕಾದಂಬರಿಗೆ ಬಂದ ಮೊದಲ ಅಭಿಪ್ರಾಯ ಒಂದು ಕಲ್ಲು. ಹುಮನಾಬಾದಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಬೆಳಕಿಂಡಿಯಿಂದ ಒಳಗೆ ಬಿದ್ದು, ಒಲೆಯ ಮೇಲೆ ಕುದಿಯುತ್ತಿದ್ದ ಬೇಳೆಯ ಪಾತ್ರೆಯನ್ನು ಉರುಳಿಸಿ, ನನ್ನ ಎಡಗೈಯನ್ನು ಮೊಣಕೈವರೆಗೆ ಬೇಯಿಸಿತು. ಕಲಬುರ್ಗಿಯ ಅಚ್ಚುಕೂಟದಿಂದ ಪುಸ್ತಕದ ಗಂಟು ಬಂದು ಇನ್ನೂ ತಿಂಗಳಾಗಿರಲಿಲ್ಲ. ಎಪ್ಪತ್ತರ ದಶಕದ ಆರಂಭ ಅದು. ಕೈಗೆ ಬಟ್ಟೆ ಸುತ್ತಿಕೊಂಡು ನಾನು ಕಲಿಸುತ್ತಿದ್ದ ಶಾಲೆಗೆ ಹೋದರೆ ಹೆಡ್‌ಮಾಸ್ತರರು ಕನ್ನಡಕದ ಮೇಲಿಂದ ನೋಡಿದರು.

"ಅಕ್ಕೋರೆ, ಬರಿಯೂದೇ ಇದ್ರ ಅಡಗಿ ಬಗ್ಗೆ ಬರೀರಿ, ಮಕ್ಕಳ ಬಗ್ಗೆ ಬರೀರಿ. ಯಹೂದಿಗೋಳ ಉಸಾಬರಿ ನಮಗ್ಯಾಕ್ರಿ?"

"ಅಡಗಿ ಬಗ್ಗೆ ಬರಿಯೂಣಂದ್ರ ಬ್ಯಾಳಿ ಪೂರಾ ನೆಲದ ಮ್ಯಾಲ ಅದ್ರಿ," ಅಂದೆ. ನನ್ನ ನಾಲಿಗೆ ಮೊದಲಿನಿಂದಲೂ ಹಾಗೆ. ಅಪ್ಪನ ಕೈ ನನ್ನ ಬಾಯಿಗೆ ಬಂದಿದೆ ಎಂದು ಅವ್ವ ಹೇಳುತ್ತಿದ್ದಳು.

ಕಲ್ಲಿನ ಸುದ್ದಿ ನಮ್ಮೂರು ಬಸವಕಲ್ಯಾಣ ಮುಟ್ಟಿದ ದಿನವೇ ನನ್ನ ತಮ್ಮ ಬಸ್ಸು ಹತ್ತಿ ಬಂದ. ಇಪ್ಪತ್ತೆರಡರ ಪೈಲ್ವಾನ. ತಾಲೀಮಿನ ಕೆಮ್ಮಣ್ಣು ಕಿವಿಯಲ್ಲಿ ಹಾಗೇ ಇತ್ತು. ಸಂಜೆಯೊಳಗೆ ಕಲ್ಲೊಗೆದವನನ್ನು ಹುಡುಕಿ, ಅವನ ಎರಡು ಹಲ್ಲು ಉದುರಿಸಿ, ಊಟಕ್ಕೆ ಬಂದು ಕುಳಿತ. ಅಷ್ಟು ಪೌರುಷ ತೋರಿಸಿದೆಯಲ್ಲ, ಪುಸ್ತಕ ಓದಿದೆಯಾ ಎಂದು ಕೇಳಿದೆ.

"ಇಲ್ಲಕ್ಕಾ. ಓದೂದು ನಂಗ ಆಗೂದಿಲ್ಲ. ಹೊಡಿಯೂದು ಆಗ್ತದ," ಎಂದು ಇನ್ನೊಂದು ರೊಟ್ಟಿ ಮುರಿದ.

ಆ ಪುಸ್ತಕದಲ್ಲಿ ಇಷ್ಟೊಂದು ಸಿಟ್ಟಿಗೆ ಏನಿತ್ತು ಎಂದು ಈಗಿನವರು ಕೇಳಬಹುದು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಕಾಯಿಲೆ ಬಿದ್ದ ಸೋದರತ್ತೆಯನ್ನು ನೋಡಿಕೊಳ್ಳಲು ಅಪ್ಪ ನನ್ನನ್ನು ಮುಂಬಯಿಗೆ ಕಳಿಸಿದ್ದ. ಅತ್ತೆಯ ಚಾಳಿನಲ್ಲಿ ಪಕ್ಕದ ಖೋಲಿಯವಳು ಒಬ್ಬ ನರ್ಸ್. ಮನೆಮಾತು ಮರಾಠಿ. ಶುಕ್ರವಾರ ಸಂಜೆ ದೀಪ ಹಚ್ಚಿದಳೆಂದರೆ ಶನಿವಾರ ಸಂಜೆಯವರೆಗೆ ಒಲೆ ಮುಟ್ಟುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಹೊಡೆದಿದ್ದ ಒಂದು ಸಣ್ಣ ಕೊಳವೆಯನ್ನು ಬೆರಳಿನಿಂದ ಮುಟ್ಟಿ, ಆ ಬೆರಳನ್ನು ತುಟಿಗೆ ಒತ್ತಿಕೊಂಡೇ ಒಳಗೆ ಹೋಗುತ್ತಿದ್ದಳು. ಹರಕೆ ತೀರಿದರೆ ಅವಲಕ್ಕಿ, ಕೊಬ್ಬರಿ, ಬೆಲ್ಲ ಕಲಸಿ ಮಲೀದಾ ಮಾಡಿ ನಮಗೂ ಕೊಡುತ್ತಿದ್ದಳು. ನೀವು ಯಾವ ಜನ ಎಂದು ಕೇಳಿದಾಗ, ಯಹೂದಿಗಳು ಅಂದಳು. ಕೊಂಕಣದ ಹಳ್ಳಿಗಳಲ್ಲಿ ಅವರ ಹಿರಿಯರು ಎಣ್ಣೆ ತೆಗೆಯುವವರಾಗಿದ್ದರಂತೆ, ಶನಿವಾರ ಗಾಣ ಹೂಡದ ಕಾರಣ ಜನ ಅವರನ್ನು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು ಎಂದೇ ಕರೆಯುತ್ತಿದ್ದರಂತೆ.

ನಾನು ಗಾಣಿಗರ ಮಗಳು. ನಮ್ಮ ಓಣಿಯಲ್ಲಿ ಸೋಮವಾರ ಗಾಣ ಹೂಡುವುದಿಲ್ಲ. ಆಕಾಶ ಕಳಚಿ ಬಿದ್ದರೂ ಅಂದು ಎತ್ತಿನ ಹೆಗಲಿಗೆ ನೊಗ ಇಡಬಾರದು. ಎತ್ತು ಬಸವಣ್ಣ, ಸೋಮವಾರ ಅವನ ದಿನ. ಶನಿವಾರ ಗಾಣ ಹೂಡದ ಜನ ಇನ್ನೊಂದು ಕಡೆ ಇದ್ದಾರೆಂದು ಕೇಳಿ ನನ್ನ ಮೈ ಜುಮ್ಮೆಂದಿತು. ಸತ್ತವರ ಆತ್ಮ ಬಾಕಿ ಉಳಿದ ಕೆಲಸಕ್ಕೆ ತಿರುಗಿ ಬರುತ್ತದೆ ಎಂದು ತಮ್ಮಲ್ಲೂ ಕೆಲವರು ನಂಬುತ್ತಾರೆ ಎಂದು ಆಕೆ ಒಮ್ಮೆ ಹೇಳಿದ್ದಳು. ಅದು ತಲೆಯಲ್ಲಿ ಹತ್ತು ವರ್ಷಕ್ಕೂ ಮೇಲೆ ಬೆಂದಿತು.

ಕತೆ ಸರಳ. ಕೊಂಕಣದ ಒಬ್ಬ ಯಹೂದಿ ಗಾಣಿಗ ಒಂದು ಶನಿವಾರ ನೆರೆಮನೆಯ ಕಾಯಿಲೆ ಮಗುವನ್ನು ವೈದ್ಯರಿಗೆ ತೋರಿಸಲು ಗಾಡಿ ಹೂಡುತ್ತಾನೆ. ಜೀವ ಉಳಿಸಲು ಆ ದಿನದ ನೇಮ ಮುರಿಯಬಹುದು ಎಂದು ಅವರ ಶಾಸ್ತ್ರವೇ ಹೇಳುತ್ತದೆ. ಬಹುದಿನದ ಮತ್ಸರವಿದ್ದ ಅವನ ಪಾಲುದಾರ, ನಮ್ಮ ಕಡೆಯಿಂದ ಅಲ್ಲಿಗೆ ಹೋಗಿ ಅವನಂತೆಯೇ ಶನಿವಾರ ಗಾಣ ನಿಲ್ಲಿಸುತ್ತಿದ್ದ ಗಾಣಿಗ, ದಾರಿಯಲ್ಲಿ ಅವನನ್ನು ಕೊಂದು ಕೊಂಕಣ ಬಿಟ್ಟು ಬಸವಕಲ್ಯಾಣಕ್ಕೆ ಓಡಿಬರುತ್ತಾನೆ. ಮರುವರ್ಷ ಸತ್ತವನು ಕೊಂದವನ ಮನೆಯಲ್ಲೇ ಮಗನಾಗಿ ಹುಟ್ಟುತ್ತಾನೆ. ಬೆಳೆಯುತ್ತ ಎಲ್ಲ ನೆನಪಾಗುತ್ತದೆ. ಕೊನೆಗೆ ಅವನು ತಂದೆಯನ್ನು ಕೊಲ್ಲುವುದಿಲ್ಲ, ಮನೆ ಬಿಟ್ಟು ಹೋಗುತ್ತಾನೆ, ಅಷ್ಟೆ.

ಓದಿದವರಿಗೆ ಈ "ಅಷ್ಟೆ" ಸಾಕಾಗಲಿಲ್ಲ. ಹುಮನಾಬಾದಿನ ಬಸ್‌ಸ್ಟ್ಯಾಂಡ್ ಎದುರಿನ ಚಾದ ಹೋಟೆಲಿನಲ್ಲಿ ಕಾಳುಕಡಿಯ ಅಡತ್ ಅಂಗಡಿಯ ಇಬ್ಬರು ಗುಮಾಸ್ತರು ಇದೇ ವಿಷಯಕ್ಕೆ ಜಗಳಾಡಿ, ಒಬ್ಬ ಇನ್ನೊಬ್ಬನ ಮುಖಕ್ಕೆ ಬಿಸಿ ಚಾದ ಗ್ಲಾಸು ಬೀಸಿ ಒಗೆದ. ಕೆನ್ನೆ ಹರಿಯಿತು. ಆ ಹುಡುಗ ತಂದೆಯನ್ನು ಕೊಲ್ಲಬೇಕಿತ್ತು ಎಂದು ಗ್ಲಾಸು ಒಗೆದವನ ವಾದ. ಚಿಟಗುಪ್ಪದಿಂದ ಒಬ್ಬ ಕಾಳಿನ ವ್ಯಾಪಾರಿ ಶಾಲೆಯವರೆಗೆ ಬಂದು, ಮಕ್ಕಳ ಎದುರಿನಲ್ಲೇ ಪುಸ್ತಕವನ್ನು ಎರಡು ಹೋಳು ಮಾಡಿ ನನ್ನ ಮೇಜಿನ ಮೇಲಿಟ್ಟು, "ಜಾತಿ ಕೆಡಿಸಿದ್ರಿ ಅಕ್ಕೋರೆ," ಅಂದ. ಮಠದ ಅಯ್ಯನವರಂತೂ ಕರೆಸಿಯೇ ಬೈದರು.

"ಶರಣರಿಗೆ ಮರುಹುಟ್ಟಿಲ್ಲ. ಲಿಂಗದಾಗ ಬೆರೆತಂವ ತಿರುಗಿ ಬರೂದಿಲ್ಲ."

"ಸತ್ತಂವ ಶರಣ ಅಲ್ರಿ ಅಜ್ಜಾರ, ಯಹೂದಿ."

"ಹಂಗಾರ ನಮ್ಮ ಮನ್ಯಾಗ ಯಾಕ ಹುಟ್ಟಿದ? ಅವರ ಮಂದಿ ಮನ್ಯಾಗ ಜಾಗಾ ಇರಲಿಲ್ಲೇನು?"

ಅದಕ್ಕೆ ಉತ್ತರ ಸಿಕ್ಕಿದ್ದು ಶ್ರಾವಣದಲ್ಲಿ.

ಎಲ್ಲರೂ ಬಯ್ದ ಆ ಪುಸ್ತಕವನ್ನು ಎದೆಗೆ ಅಪ್ಪಿಕೊಂಡದ್ದು ನಮ್ಮ ಗಾಣಿಗರ ಓಣಿ ಮಾತ್ರ. ಗಾಣದವನ ಮೇಲೆ ಪುಸ್ತಕ ಬಂದದ್ದೇ ಅವರಿಗೆ ಸಾಕು. ಶ್ರಾವಣ ಸೋಮವಾರಗಳ ಸಂಜೆ ನಮ್ಮ ಅಂಗಳದಲ್ಲಿ, ನಿಂತ ಗಾಣದ ಸುತ್ತ ಕುಳಿತು ಪುರಾಣ ಕೇಳುವುದು ಓಣಿಯ ರೂಢಿ. ಆ ವರ್ಷ ಪುರಾಣದ ಬದಲು ಇದನ್ನೇ ಓದಿಸಬೇಕೆಂದು ಹಟ ಹಿಡಿದರು. ಓಣಿಯ ಹಿರಿಯ ನನ್ನ ಅಪ್ಪ. "ಮಗಳು ಬರದದ್ದು, ಓದ್ರಿ," ಎಂದು ಮೀಸೆ ತಿರುವಿದ. ಪುರಾಣ ಓದುವ ಮುದುಕನಿಗೆ ಪುರಾಣವೂ ಒಂದೇ, ಕಾದಂಬರಿಯೂ ಒಂದೇ. ಪುಸ್ತಕಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, ರಾಗವಾಗಿ ಶುರು ಮಾಡಿಯೇಬಿಟ್ಟ. ನಾನು ಸೋಮವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹಿಡಿದು ಬಂದು, ಮರುದಿನ ಬೆಳಿಗ್ಗೆ ಹೊರಡುತ್ತಿದ್ದೆ.

ಅಪ್ಪನ ಬಗ್ಗೆ ಒಂದು ಮಾತು. ಅವನ ಕೈ ಬಲು ಧಾರಾಳ. ಅವ್ವನಿಗೂ ನನಗೂ ಕೊಡುವುದರಲ್ಲಿ ಎಂದೂ ಜಿಪುಣತನ ಮಾಡಿದವನಲ್ಲ. ಅವ್ವ ಸತ್ತಾಗ ಮೈ ತೊಳೆದವಳು ನಾನು. ಬೆನ್ನಿನ ಮೇಲಿನ ಬಾಸುಂಡೆಗಳ ಗುರುತು ಎಣಿಸಲು ಹೋಗಲಿಲ್ಲ. ಅದೇ ಅಪ್ಪ ನನ್ನ ತಮ್ಮನ ಮೇಲೆ ಒಮ್ಮೆಯೂ ಕೈ ಎತ್ತಲಿಲ್ಲ. ಪ್ರತಿದಿನ ಬೆಳಿಗ್ಗೆ ಹಿತ್ತಾಳೆ ಲೋಟದ ತುಂಬ ಹಾಲಿಗೆ ಬಾದಾಮಿ ಅರೆದು ಹಾಕಿ, ತಾನೇ ಒಯ್ದು ಕೊಟ್ಟು, ಲೋಟ ಖಾಲಿಯಾಗುವ ತನಕ ಮುಂದೆ ನಿಂತಿರುತ್ತಿದ್ದ. ಗಂಡುಮಗನ ಹುಚ್ಚು ಅಂದುಕೊಂಡಿದ್ದೆ. ಹೊಟ್ಟೆಕಿಚ್ಚಿನಿಂದ ಒಮ್ಮೆ ಆ ಲೋಟಕ್ಕೆ ಉಪ್ಪು ಹಾಕಿ ಪೆಟ್ಟು ತಿಂದದ್ದೂ ಉಂಟು.

ಮೊದಲ ಸೋಮವಾರ ಚೆನ್ನಾಗಿ ಹೋಯಿತು. ಅವರ ಶನಿವಾರ, ನಮ್ಮ ಸೋಮವಾರ ಎಂದು ಎಲ್ಲರೂ ತಲೆದೂಗಿದರು. ಎರಡನೆಯ ಸೋಮವಾರ ಕೊಲೆಯ ಅಧ್ಯಾಯ. ಅದರಲ್ಲಿ ನಾನು ಬಹಳ ಹೆಮ್ಮೆಪಟ್ಟುಕೊಂಡಿದ್ದ ಒಂದು ಪುಟವಿತ್ತು. ಪಾಲುದಾರ ಕೊಡಲಿಯಿಂದ ಕೊಂದಾದ ಮೇಲೆ ಓಡಿಹೋಗುವುದಿಲ್ಲ. ಶನಿವಾರ ಎತ್ತು ನೊಗದಲ್ಲಿ ನಿಂತಿರುವುದು ಅವನ ಕಣ್ಣಿಗೆ ಬೀಳುತ್ತದೆ. ಹೆಣದ ಪಕ್ಕದಲ್ಲೇ ಎತ್ತು ಬಿಚ್ಚಿ, ಬೇವಿನ ಮರಕ್ಕೆ ಕಟ್ಟಿ, ಗಾಡಿಯಲ್ಲಿದ್ದ ಎಣ್ಣೆ ತೆಗೆದ ಕಾಳಿನ ಹಿಂಡಿ ತೆಗೆದು ಮುಂದೆ ಹಾಕಿ, ಕೈ ಒರೆಸಿಕೊಂಡು ಹೋಗುತ್ತಾನೆ. ಮನುಷ್ಯನನ್ನು ಕೊಲ್ಲಲು ಹೇಸದವನು ಎತ್ತಿನ ನೇಮ ಮುರಿಯಲು ಹೆದರುತ್ತಾನೆ. ಇದನ್ನು ನಾನೇ ಕಲ್ಪಿಸಿದೆ ಎಂದು ತಿಳಿದಿದ್ದೆ.

ಮುದುಕ ಆ ಸಾಲು ಓದಿ ಮುಗಿಸಿದ. ಹೆಂಗಸರ ನಡುವಿನಿಂದ ಮೂಲೆಮನೆಯ ಆಯಿ ಎದ್ದು ನಿಂತಳು. ಮಾತು ಕಮ್ಮಿ, ಯಾರ ಮನೆಯ ಬಾಣಂತನಕ್ಕೂ ಮೊದಲು ಬರುವವಳು. ನಿಜಾಮನ ಆಳ್ವಿಕೆ ಮುಗಿದ ಗದ್ದಲದ ದಿನಗಳಲ್ಲಿ ಅವಳ ಒಬ್ಬನೇ ಮಗ ಹುಮನಾಬಾದಿನ ದಾರಿಯಲ್ಲಿ ಕೊಲೆಯಾಗಿದ್ದ. ನಿಜಾಮನ ಪರ ಹೊಡೆದಾಡಿದ ರಜಾಕಾರರು ಕಡಿದರು ಎಂದು ಓಣಿ ನಂಬಿತ್ತು. ಆಗ ನನಗೆ ಹತ್ತು ವರ್ಷ.

"ಇದು ನಿನಗ ಯಾರು ಹೇಳಿದ್ರು, ಯವ್ವಾ?" ಎಂದು ಕೇಳಿದಳು.

"ಯಾರೂ ಹೇಳಿಲ್ಲಾಯಿ. ನನ್ನ ಮನಸಿಗಿ ಬಂದದ್ದು."

"ಮನಸಿಗಿ ಹ್ಯಾಂಗ ಬಂತು?"

ನಾನು ನಗಲು ಹೋದೆ. ಅಷ್ಟರಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪ ಎದ್ದು, ಯಾರನ್ನೂ ನೋಡದೆ ಕೊಟ್ಟಿಗೆಗೆ ಹೋಗಿ, ಎತ್ತಿಗೆ ಹಿಂಡಿ ಹಾಕಿ, ಎರಡೂ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ. ಆ ಒರೆಸಿದ ರೀತಿ ನೋಡಿದ್ದೇ ನನಗೆ ಎಲ್ಲ ನೆನಪಾಯಿತು. ಗದ್ದಲದ ದಿನಗಳ ಒಂದು ಸಂಜೆ ಅಪ್ಪ ಹೀಗೆಯೇ ಕೈ ಒರೆಸಿಕೊಳ್ಳುತ್ತ ಮನೆಗೆ ಬಂದಿದ್ದ. ಬೆರಳಸಂದಿಯಲ್ಲಿ ಹಿಂಡಿಯ ಪುಡಿ ಇತ್ತು. ಇವತ್ತು ಸೋಮವಾರ, ಗಾಣ ಇಲ್ಲ, ಹಿಂಡಿ ಎಲ್ಲಿಂದ ಎಂದು ಕೇಳಿದ್ದೆ. "ದಾರ್ಯಾಗ ಯಾರೋ ಸೋಮವಾರ ಎತ್ತು ಹೂಡಿದ್ರು. ಬಿಚ್ಚಿ ಹಿಂಡಿ ಹಾಕಿ ಬಂದೆ," ಎಂದಿದ್ದ. ನಾನು ಹೆಮ್ಮೆಪಟ್ಟ ಆ ಪುಟ ನನ್ನದಾಗಿರಲಿಲ್ಲ, ಅವನದಾಗಿತ್ತು.

ಆ ರಾತ್ರಿ ಅಪ್ಪನನ್ನು ಕೇಳಲಿಲ್ಲ. ಹೊಡೆಯುತ್ತಾನೆ ಎಂಬ ಹೆದರಿಕೆಗಲ್ಲ. ಹೇಳಿಬಿಡುತ್ತಾನೆ ಎಂಬ ಹೆದರಿಕೆಗೆ. ಬೆಳಿಗ್ಗೆ ಪುರಾಣದ ಮುದುಕನ ಮನೆಗೆ ಹೋಗಿ, ಪುಸ್ತಕ ಸಾಕು, ಮುಂದಿನ ವಾರದಿಂದ ಪುರಾಣವನ್ನೇ ಓದಿ ಎಂದು ಬೇಡಿಕೊಂಡೆ. ಆಯಿ ಆಗಲೇ ಅಲ್ಲಿ ಬಂದು ಕುಳಿತಿದ್ದಳು.

"ಶ್ರಾವಣದಾಗ ತೆರದ ಪುಸ್ತಕ ಮಂಗಳ ಆಗದೆ ಮುಚ್ಚಬಾರದು," ಅಂದಳು. "ಮುಂದ ಏನಾಗ್ತದ ನಾ ಕೇಳಬೇಕು."

ಮುಂದೆ ಆಗುವುದು ಹುಟ್ಟು. ಪುರಾಣದಲ್ಲಿ ಮಹಾತ್ಮರು ಹುಟ್ಟುವ ದಿನ ಹೆಂಗಸರು ತೊಟ್ಟಿಲು ತಂದು, ಮರದ ಗೊಂಬೆ ಮಲಗಿಸಿ, ಜೋಗುಳ ಹಾಡಿ ತೂಗುವುದು ನಮ್ಮ ಕಡೆಯ ಪದ್ಧತಿ. ನನ್ನ ಯಹೂದಿಗೂ ಅದೇ ಮರ್ಯಾದೆ ಸಿಕ್ಕಿತು. ಮೂರನೆಯ ಸೋಮವಾರ ನಾನು ಬರುವಷ್ಟರಲ್ಲಿ ಗಾಣದ ಪಕ್ಕ ತೊಟ್ಟಿಲು ಕಟ್ಟಿ, ಹೂ ಸುತ್ತಿ, ಗೊಂಬೆಗೆ ಕುಂಚಿಗೆ ತೊಡಿಸಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸತ್ತವನು ಮರುವರ್ಷ ಕೊಂದವನ ಮನೆಯಲ್ಲೇ ಹುಟ್ಟಿದ ಎಂದು ಮುದುಕ ರಾಗ ಎಳೆದ. ಹೆಂಗಸರು ಹಾಡಿದರು. ತೊಟ್ಟಿಲು ತೂಗಿದವಳು ಆಯಿ.

ಹಾಡು ಮುಗಿದ ಮೇಲೆ ಅವಳು ಗೊಂಬೆಯನ್ನು ಎತ್ತಿಕೊಂಡು, ಹೆಂಗಸರನ್ನು ದಾಟಿ, ಗಂಡಸರನ್ನು ದಾಟಿ, ಬಾಗಿಲಿಗೆ ಒರಗಿ ನಿಂತಿದ್ದ ನನ್ನ ತಮ್ಮನ ಹತ್ತಿರ ಹೋದಳು. ಗೊಂಬೆಯನ್ನು ಅವನ ಕೈಗಿತ್ತಳು. ಜನ ನಕ್ಕರು. ಅವನೂ ನಕ್ಕ.

"ನೀ ಹುಟ್ಟಿದ್ದು ಗದ್ದಲದ ಮರುವರ್ಷ ಅಲ್ಲೇನು?" ಎಂದು ಕೇಳಿದಳು.

"ಹೌದಾಯಿ. ಅವ್ವ ಹಂಗೇ ಅಂತಿದ್ಲು."

ಆಯಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿಸಿ, ನೋಡಿದಳು. ನಗು ಒಂದೊಂದೇ ಕಡೆ ನಿಂತಿತು. ಅಪ್ಪ ಕಟ್ಟೆಯ ಮೇಲಿರಲಿಲ್ಲ. ಯಾವಾಗ ಎದ್ದು ಹೋದನೋ ಯಾರೂ ನೋಡಿರಲಿಲ್ಲ.

ಮಂಗಳವಾರ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಿದ್ದೆ. ಗಾಣ ತಿರುಗುತ್ತಿತ್ತು, ಕುಸುಬೆಯ ವಾಸನೆ ಮನೆಯೆಲ್ಲ ತುಂಬಿತ್ತು. ತಮ್ಮ ತಾಲೀಮಿನಿಂದ ಇನ್ನೂ ಬಂದಿರಲಿಲ್ಲ. ಆಯಿ ಅಂಗಳಕ್ಕೆ ಬಂದು ಅಪ್ಪನ ಎದುರು ನಿಂತಳು.

"ತಮ್ಮಾ, ನನ್ನ ಮಗನ್ನ ಕೊಡು."

"ನಿನ್ನ ಮಗ ಸತ್ತು ಜಮಾನಾ ಆತಕ್ಕಾ. ಮನಿಗಿ ನಡಿ."

"ಸತ್ತದ್ದು ನನಗ ಗೊತ್ತದ. ಎತ್ತು ಬಿಚ್ಚಿದಂವ ಯಾರು ಅನ್ನೂದು ಈಗ ಗೊತ್ತಾತು. ನನ್ನ ಮಗ ನಿನ್ನ ಮನ್ಯಾಗ ಹುಟ್ಟ್ಯಾನ. ಸಾಕು, ಇಷ್ಟು ದಿನ ಇಟಗೊಂಡಿದ್ದಿ. ಕೊಡು."

ಅಪ್ಪನ ಕೈಯಲ್ಲಿ ಎತ್ತು ಹೊಡೆಯುವ ಬಾರುಕೋಲಿತ್ತು. ಅದರ ದಪ್ಪ ತುದಿಯಿಂದ ಹೊಡೆದ. ಅವ್ವನಿಗೆ ಹೊಡೆಯುತ್ತಿದ್ದ ಹಾಗೆಯೇ, ಮುಖದ ಮೇಲೆ ಸಿಟ್ಟೂ ಇರಲಿಲ್ಲ. ಆಯಿ ಹಿಂದಕ್ಕೆ ಬಿದ್ದು, ಕಲ್ಲಿನ ಹೊಸ್ತಿಲಿಗೆ ತಲೆ ಬಡಿಯಿತು. ನಾನು ಓಡಿಹೋಗಿ ಸೆರಗಿನಿಂದ ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ. ಅಪ್ಪ ಎರಡನೆಯ ಸಲ ಕೋಲು ಎತ್ತಿದ. ಎತ್ತಿದ ಕೈಯನ್ನು ಹಿಂದಿನಿಂದ ಹಿಡಿದವನು ನನ್ನ ತಮ್ಮ.

ಕೋಲು ಕಸಿದು ಮೊಣಕಾಲಿಗೆ ಕೊಟ್ಟು ಮುರಿದ. "ಮುದುಕಿಗಿ ಯಾಕ ಹೊಡದಿ?" ಎಂದು ಕೇಳಿದ. ಆಯಿ ನನ್ನ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಹೇಳಿದಳು, ಬಾವಿಯಲ್ಲಿ ನೀರು ಇಳಿದಿದೆ ಎಂದು ಹೇಳುವಷ್ಟು ಸಣ್ಣ ದನಿಯಲ್ಲಿ.

"ಅವತ್ತ ನನ್ನ ಮಗ ಗಾಡಿ ಹೂಡಿ ಹೋಗಿದ್ದ. ಹಿಂದಿನ ಓಣಿ ಸಾಬರ ಹೆಂಗಸು, ಆಕಿವು ಎರಡು ಕೂಸು. ಗಂಡನ್ನ ಕಡದಿದ್ರು. ಹುಲ್ಲಿನ ಬುಡಕ ಮುಚ್ಚಿ, ಹುಮನಾಬಾದಿನ ಮೋಟಾರಿಗಿ ಹಚ್ಚಿ ಬರ್ತೀನಿ ಅಂದ. ಸೋಮವಾರ ಅಂದೆ. ಬಸವಣ್ಣ ಮಾಫ್ ಮಾಡ್ತಾನ ಅವ್ವಾ ಅಂದ. ನಾನೇ ರೊಟ್ಟಿ ಕಟ್ಟಿ ಕೊಟ್ಟೆ. ಬರಲಿಲ್ಲಂತ ಹುಡುಕಿಕೋತ ಹೋದೆ. ಬೇವಿನ ಗಿಡದ ಬುಡಕ ಬಿದ್ದಿದ್ದ. ಎತ್ತು ಬಿಚ್ಚಿ ಕಟ್ಟಿದ್ರು, ಮುಂದ ಹಿಂಡಿ ಹಾಕಿದ್ರು. ರಜಾಕಾರ ಯಾಂವ ಸೋಮವಾರಂತ ಎತ್ತು ಬಿಚ್ಚತಾನ? ನಮ್ಮವನೇ ಅಂತ ಅವತ್ತೇ ತಿಳೀತು. ಮತ್ತ ಎತ್ತು ಹೂಡಿ ಹೆಣಾ ತಂದೆ. ಯಾರಿಗೂ ಹೇಳಲಿಲ್ಲ. ಹೇಳಿದ್ರ ಈ ಓಣ್ಯಾಗ ಯಾರ ಮನಿಗಿ ಹೋಗಿ ನೀರು ಕೇಳ್ಲಿ?"

ತಮ್ಮ ಅಪ್ಪನ ಕುತ್ತಿಗೆಗೆ ಕೈ ಹಾಕಿದ. ಕುಸ್ತಿಯವರ ಹಿಡಿತ. ಹಿಂದಕ್ಕೆ ನೂಕಿಕೊಂಡು ಹೋಗಿ ಗಾಣದ ಒರಳಿಗೆ ಬೆನ್ನು ಒತ್ತಿದ. ಕಣ್ಣು ಕಟ್ಟಿದ ಎತ್ತು ತನ್ನ ಪಾಡಿಗೆ ತಾನು ಸುತ್ತುತ್ತಲೇ ಇತ್ತು. ಗಾಣದ ಉದ್ದ ಮರ ಪ್ರತಿ ಸುತ್ತಿಗೂ ಬಂದು ಅಪ್ಪನ ಪಕ್ಕೆಗೆ ಗುದ್ದಿ, ಎತ್ತು ತಡವರಿಸಿ ನಿಂತು, ಮತ್ತೆ ಎಳೆಯುತ್ತಿತ್ತು. ಎಲುಬಿನ ಸದ್ದು ನನಗೆ ಕೇಳಿಸಿತು.

"ಹೇಳು," ಎಂದು ತಮ್ಮ ಹಿಡಿತ ಸಡಿಲಿಸಿದ.

"ನಾಕು ಮಂದಿ ಇದ್ದಿವಿ, ಸಾಬರನ್ನ ಹುಡುಕಿಕೋತ ಹೊಂಟಿದ್ದಿವಿ," ಅಂದ ಅಪ್ಪ. "ಹೆಂಗಸು ಕೂಸು ಎತಗೊಂಡು ಜ್ವಾಳದ ಹೊಲದಾಗ ಓಡಿದ್ಲು. ಉಳದವ್ರು ಆಕಿ ಬೆನ್ನ ಹತ್ತಿದ್ರು. ಮುಂದ ಏನಾತೋ ನನಗ ಗೊತ್ತಿಲ್ಲ, ನಾ ಕೇಳಲಿಲ್ಲ. ಅಂವ ನನ್ನ ಕಾಲಿಗಿ ಬಿದ್ದ. ಬಿಡು ಮಾಮಾ ಅಂದ. ನಮ್ಮ ಗುರತು ಹಿಡದಿದ್ದ. ಕೈಯಾಗ ಕೊಡಲಿ ಇತ್ತು." ಉಸಿರು ಎಳೆದುಕೊಂಡ. "ನೀ ಹುಟ್ಟಿದ ದಿನ ತೊಟ್ಟಿಲದಾಗಿಂದ ನನ್ನ ನೋಡಿದಿ. ಅವನೇ ಬಂದಾನಂತ ಅವತ್ತೇ ಗೊತ್ತಾತು. ದಿನಾ ಹಾಲು ಕುಡಿಸಿದ್ದು ಅದಕ್ಕ. ನೀ ದೊಡ್ಡಂವ ಆಗಿ ಒಂದು ದಿನ ಹಿಂಗ ಕುತಗಿ ಹಿಡೀತಿ ಅಂತ ಗೊತ್ತಿತ್ತು."

ಆಗ ನನಗೆ ಬಂದ ಸಿಟ್ಟು ಹೇಳಲು ಬರುವಂಥದ್ದಲ್ಲ. ಮರುಹುಟ್ಟಿನ ಕತೆ ನರ್ಸಿನಿಂದ ಕಲಿತೆ ಎಂದುಕೊಂಡಿದ್ದೆ. ಅದು ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಹಿತ್ತಾಳೆ ಲೋಟದಲ್ಲಿ ಓಡಾಡುತ್ತಿತ್ತು. ಆ ಹೆಂಗಸು, ಆ ಎರಡು ಕೂಸು ಜೋಳದ ಹೊಲದಲ್ಲಿ ಏನಾದರೋ ಎಂದು ಕೇಳದೆ ಈ ಮನುಷ್ಯ ಇಷ್ಟು ವರ್ಷ ಉಂಡಿದ್ದ, ಮಲಗಿದ್ದ. ನಾನು ಬಡಿಸಿದ್ದೆ.

ಓಣಿಯೆಲ್ಲ ಬಾಗಿಲಲ್ಲಿ ಸೇರಿತ್ತು. ತಮ್ಮನ ಹೆಬ್ಬೆರಳು ಮತ್ತೆ ಬಿಗಿಯಿತು. ಅಪ್ಪನ ಕಣ್ಣು ಮೇಲಾಯಿತು. ಕತೆ ಕೇಳಿದ ಗುಂಪಿನಿಂದಲೇ ಒಂದು ದನಿ, "ಹಾಕು, ಪುಸ್ತಕದಾಗ ಬಿಟ್ಟದ್ದೇ ತಪ್ಪು," ಅಂದಿತು. ನಾನು ಹೋಗಿ ತಮ್ಮನ ಕೂದಲು ಹಿಡಿದು ಜಗ್ಗಿದೆ. ಅವನು ಒಂದೇ ಕೈಯಲ್ಲಿ ನನ್ನನ್ನು ಗೋಡೆಗೆ ಒಗೆದ. ಸುಟ್ಟ ಕೈಯ ಮೇಲೆಯೇ ಬಿದ್ದೆ, ಹೊಸ ಚರ್ಮ ಕಿತ್ತುಬಂತು.

ಆಯಿ ಎದ್ದಳು. ಒಂದು ಕಣ್ಣು ರಕ್ತದಲ್ಲಿ ಮುಚ್ಚಿತ್ತು. ಗೋಡೆ ಹಿಡಿದುಕೊಂಡು ನಡೆದು ಮೊದಲು ಎತ್ತಿನ ಹತ್ತಿರ ಹೋದಳು. ಹೋ, ಹೋ ಎಂದು ನಿಲ್ಲಿಸಿ, ಕಣ್ಣಿನ ಪಟ್ಟಿ ತೆಗೆದು, ನೊಗ ಬಿಚ್ಚಿದಳು. ಒರಳಿನ ಬುಡದಲ್ಲಿ ಬಿದ್ದಿದ್ದ ಹಿಂಡಿಯಲ್ಲಿ ಒಂದು ತುಂಡು ಅದರ ಮುಂದೆ ಹಾಕಿದಳು. ಆಮೇಲೆ ನನ್ನ ತಮ್ಮನ ಬೆನ್ನ ಮೇಲೆ ಕೈಯಿಟ್ಟಳು.

"ನಡಿ ಮಗಾ. ಒಮ್ಮೆ ಇವನ ಕೈಲಿ ಸತ್ತಿ. ಈಗ ಇವನ್ನ ಕೊಂದು, ಗಲ್ಲಿಗೇರಿ, ಮತ್ತೊಮ್ಮೆ ಇವನ ಸಲುವಾಗೇ ಸಾಯತೀ ಏನು? ನನಗ ಮತ್ತ ಹುಡುಕಲಿಕ್ಕಿ ವಯಸ್ಸಿಲ್ಲ."

ತಮ್ಮನ ಕೈ ಬಿಟ್ಟಿತು. ಅಪ್ಪ ನೆಲಕ್ಕೆ ಕುಸಿದು ಕೆಮ್ಮಿದ. ತಮ್ಮ ತಾಲೀಮಿನ ಕೆಮ್ಮಣ್ಣು ಮೆತ್ತಿದ ಮೈಯಲ್ಲೇ ಆಯಿಯನ್ನು ಎತ್ತಿಕೊಂಡು ಜನರ ನಡುವಿನಿಂದ ಮೂಲೆಮನೆಗೆ ನಡೆದ. ಬಟ್ಟೆ ತೆಗೆದುಕೊಳ್ಳಲಿಕ್ಕೂ ತಿರುಗಿ ಬರಲಿಲ್ಲ.

ಪೊಲೀಸರಿಗೆ ಯಾರೂ ಹೇಳಲಿಲ್ಲ. ಆ ನಾಲ್ವರಲ್ಲಿ ಉಳಿದ ಮೂವರು ಯಾರು ಎಂದೂ ಯಾರೂ ಕೇಳಲಿಲ್ಲ. ಕೇಳಿದ್ದರೆ ಇನ್ನೂ ಎಷ್ಟು ಮನೆಯ ಮಕ್ಕಳು ಹೊರಡಬೇಕಾಗುತ್ತಿತ್ತೋ. ಮುಂದಿನ ಸೋಮವಾರ ಪುರಾಣದ ಮುದುಕ ಒಬ್ಬನೇ ನಮ್ಮ ಅಂಗಳಕ್ಕೆ ಬಂದು, ಕಾಯಿ ಒಡೆದು, ಕೊನೆಯ ಪುಟ ಓದಿ, ಮಂಗಳ ಹಾಡಿ ಹೋದ. ಅರ್ಧಕ್ಕೆ ಬಿಟ್ಟ ಪುಸ್ತಕ ಮನೆ ತಿನ್ನುತ್ತದೆ ಎಂದು ಅವನ ನಂಬಿಕೆ. ನಮ್ಮ ಮನೆಯಲ್ಲಿ ತಿನ್ನಲು ಏನು ಉಳಿದಿತ್ತು ಎಂದು ನಾನು ಕೇಳಲಿಲ್ಲ, ಮುದುಕ ಒಳ್ಳೆಯವ.

ತಮ್ಮ ಆಯಿಯ ಮಗನಾಗಿಯೇ ಉಳಿದ. ಮರುಹುಟ್ಟನ್ನು ನಂಬಿದನೋ ಇಲ್ಲವೋ, ನನಗೆ ಹೇಳಲಿಲ್ಲ. ಕುಸ್ತಿ ಬಿಟ್ಟ. ಅಪ್ಪ ಮಾತ್ರ ಬೆಳಗಿನ ಹಾಲು ಬಿಡಲಿಲ್ಲ. ಪಕ್ಕೆಯ ಎಲುಬು ಸೊಟ್ಟಗೇ ಕೂಡಿಕೊಂಡು, ಒಂದು ಕಡೆ ವಾಲಿ ನಡೆಯುತ್ತ, ಲೋಟ ಒಯ್ದು ಮೂಲೆಮನೆಯ ಕಟ್ಟೆಯ ಮೇಲಿಟ್ಟು ಬರುತ್ತಿದ್ದ. ತಮ್ಮ ಅದನ್ನು ದಿನಾ ಬೀದಿಗೆ ಚೆಲ್ಲಿ ಖಾಲಿ ಲೋಟ ಅಲ್ಲೇ ಇಡುತ್ತಿದ್ದ. ಓಣಿಯ ನಾಯಿಗಳು ಮಾತ್ರ ದುಂಡಗಾದವು.

ಎಂಬತ್ತರ ದಶಕದಲ್ಲಿ ಆಯಿ ತೀರಿಕೊಂಡಳು. ಅವಳನ್ನು ಸಮಾಧಿಯಲ್ಲಿ ಕೂರಿಸಿ ಹಣೆಗೆ ವಿಭೂತಿ ಹಚ್ಚಿದವನು ನನ್ನ ತಮ್ಮ. ಅಪ್ಪ ದೂರದಲ್ಲಿ ನಿಂತು ಒಂದು ಹಿಡಿ ಮಣ್ಣು ಹಿಡಿದಿದ್ದ. ಹಾಕಲು ಮುಂದೆ ಬಂದಾಗ ತಮ್ಮ ಅವನ ಮಣಿಕಟ್ಟು ಹಿಡಿದು ತಿರುಚಿದ. ಮಣ್ಣು ಅಲ್ಲೇ ಉದುರಿತು.

ಅದಾದ ಎರಡು ಮೂರು ವರ್ಷಕ್ಕೆ ಅಪ್ಪ ಹಾಸಿಗೆ ಹಿಡಿದ. ನಾನು ರಜೆ ಹಾಕಿ ಕಲ್ಯಾಣಕ್ಕೆ ಬಂದೆ. ನೀರು ಕೂಡ ಸರಿಯಾಗಿ ಇಳಿಯುತ್ತಿರಲಿಲ್ಲ, ಆದರೂ ಬೆಳಿಗ್ಗೆ ಲೋಟದ ಕಡೆ ಕೈ ತೋರಿಸುತ್ತಿದ್ದ. ಹಾಲು ಕಾಯಿಸಿ, ಬಾದಾಮಿ ಅರೆದು, ಅವನ ತಲೆದೆಸೆಯಲ್ಲಿಟ್ಟೆ. ಮೂಲೆಮನೆಗೆ ಒಯ್ದು ಇಡು ಎಂದು ಕಣ್ಣಲ್ಲೇ ಹೇಳಿದ. ನಾನು ಏಳುವ ಮೊದಲೇ ತಮ್ಮ ಒಳಗೆ ಬಂದ. ಆ ಮಂಗಳವಾರದ ನಂತರ ಅವನು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಮುಷ್ಟಿಯಲ್ಲಿ ಹಿಂಡಿಯ ತುಂಡು ಹಿಡಿದಿದ್ದ.

"ಬಾಯಿ ತೆರಿ," ಅಂದ.

ಗಂಟಲಿಗೆ ತುರುಕಿ ಕೊಲ್ಲುತ್ತಾನೆ ಎಂದು ನಾನು ಅವನ ಕೈ ಹಿಡಿದೆ. ಅಪ್ಪ ಬೆರಳು ಅಲ್ಲಾಡಿಸಿ ನನ್ನನ್ನು ಹಿಂದೆ ಸರಿಸಿದ. ಬಾಯಿ ತೆರೆದ. ತಮ್ಮ ಹಿಂಡಿಯನ್ನು ಪುಡಿಮಾಡಿ ಚೂರು ಚೂರಾಗಿ ಹಾಕಿದ. ಅಪ್ಪನಿಗೆ ಹಲ್ಲಿರಲಿಲ್ಲ. ಒಸಡಿನಿಂದ ಅಗಿದ. ಕಪ್ಪು ಪುಡಿ ತುಟಿಯಿಂದ ಹೊರಗೆ ಬಂದರೆ ತಮ್ಮ ಹೆಬ್ಬೆರಳಿನಿಂದ ಒಳಗೆ ನೂಕುತ್ತಿದ್ದ. ಅಪ್ಪ ಕೆಮ್ಮಿದ, ಕಣ್ಣೀರು ಸುರಿಯಿತು, ಆದರೆ ಮುಖ ತಿರುಗಿಸಲಿಲ್ಲ. ಕೊನೆಯ ಚೂರು ಇಳಿದ ಮೇಲೆ ತಮ್ಮ ಹೆಗಲಿನ ಟವಲಿನಿಂದ ಅವನ ಬಾಯಿ ಒರೆಸಿದ. ತಲೆದೆಸೆಯಲ್ಲಿದ್ದ ಹಿತ್ತಾಳೆ ಲೋಟ ಎತ್ತಿ ತುಟಿಗೆ ಹಿಡಿದ.

"ಕುಡಿ," ಅಂದ. "ಜಲ್ದಿ ಇಲ್ಲ. ನಾ ನಿಂತಿರ್ತೀನಿ."

ಲೋಟ ಖಾಲಿಯಾಗುವ ತನಕ ಅಲ್ಲೇ ನಿಂತಿದ್ದ.